ಅದಮಾರಿನ ರಾಯರು, ಡಲ್ಲಾಸಿನ ಡಬ್ಬಿ



2024ರ ಮೇ 10ರ ಶುಕ್ರವಾರ ರಾತ್ರಿ ನಮ್ಮ ಬಳಗದ ಅರ್ಧಕ್ಕರ್ಧ ಜನ ನಿದ್ದೆಗೆಟ್ಟದ್ದು ನಿಮಗೆ ನೆನಪಿರಬಹುದು. ಸೂರ್ಯನಿಂದ ದೊಡ್ಡದೊಂದು ಬಿರುಗಾಳಿ ಹೊರಟಿದೆ, ಟೆಕ್ಸಾಸಿಗೂ ಧ್ರುವಪ್ರಭೆ ಕಾಣಿಸೀತು ಎಂಬ ಸುದ್ದಿ ಬಂದದ್ದೇ ತಡ, ನಾವೂ ಮಕ್ಕಳನ್ನು ಕಾರಿಗೆ ತುಂಬಿಕೊಂಡು ಮೆಕಿನಿ ದಾಟಿ ಉತ್ತರಕ್ಕೆ ಹೊರಟೆವು. ಬರಿಗಣ್ಣಿಗೆ ಕಂಡದ್ದು ದೂರದ ಊರಿನ ದೀಪಗಳಂಥ ಒಂದು ಮಬ್ಬು, ಅಷ್ಟೇ. ಫೋನಿನ ಕ್ಯಾಮೆರಾ ಕೆಲವು ಸೆಕೆಂಡು ಕಣ್ಣು ತೆರೆದು ಕೂತಾಗ ಮಾತ್ರ ದಾಸವಾಳದ ಕೆಂಪು! "ಧ್ರುವಪ್ರಭೆ ಅಂದ್ರೆ ಹಸಿರು ಅಲ್ವಾ ಅಪ್ಪಾ?" ಎಂದು ಮಗಳು ಕೇಳಿದಳು. ಹಸಿರು ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಹುಟ್ಟುತ್ತದೆ, ಕೆಂಪು ಇನ್ನೂರು ಮುನ್ನೂರು ಕಿಲೋಮೀಟರು ಮೇಲೆ, ಎರಡೂ ಆಮ್ಲಜನಕದ್ದೇ. ಇಷ್ಟು ದಕ್ಷಿಣದಿಂದ ನೋಡುವವರಿಗೆ ಭೂಮಿಯ ದುಂಡು ಅಡ್ಡ ಬಂದು ಕೆಳಗಿನ ಹಸಿರು ಮರೆಯಾಗುತ್ತದೆ, ಮಹಡಿಯ ಕೆಂಪು ಮಾತ್ರ ಕಾಣುತ್ತದೆ. ಇಷ್ಟನ್ನು ವಿವರಿಸುವಷ್ಟರಲ್ಲಿ ಸೊಳ್ಳೆಗಳು ನಮ್ಮನ್ನು ಕಾರಿಗೆ ಅಟ್ಟಿದವು.

ಮರುದಿನ ಊರಿಗೆ ಫೋನು ಮಾಡಿದಾಗ ನಮ್ಮಮ್ಮ, "ಇಲ್ಲಿ ಎಂತದೂ ಕಾಣ್ಲಿಲ್ಲ ಮಗಾ. ಸೆಕೆಗೆ ನಿದ್ದೆ ಬರ್ಲಿಲ್ಲ, ಅಷ್ಟೇ" ಎಂದರು. ಲಡಾಖಿನ ಹಾನ್ಲೆಯ ಕ್ಯಾಮೆರಾಗಳಲ್ಲಿ ಅದೇ ರಾತ್ರಿ ಕೆಂಪು ಮೂಡಿತ್ತು. ಉಡುಪಿಯ ಮೇಲೆ ಏನೂ ಇಲ್ಲ. ಕಾಣಲಿಲ್ಲವೆಂದ ಮಾತ್ರಕ್ಕೆ ಅಲ್ಲಿ ಏನೂ ನಡೆಯುತ್ತಿಲ್ಲ ಎಂದಲ್ಲ. ನಮ್ಮ ಕರಾವಳಿಯ ಮೇಲಿನ ಆಕಾಶದಲ್ಲಿ ದಿನಾ ಮಧ್ಯಾಹ್ನ ಒಂದು ದೊಡ್ಡ ಕಾರಂಜಿ ಏಳುತ್ತದೆ, ನೀರಿನದ್ದಲ್ಲ, ವಿದ್ಯುದಂಶ ಹೊತ್ತ ಕಣಗಳದ್ದು. ಅದರ ಲೆಕ್ಕವನ್ನು ಬಿಡಿಸಿದ ಊರುಗಳಲ್ಲಿ ಒಂದು ನಾವು ವಾರವಾರ ಕೊತ್ತಂಬರಿ, ಕರಿಬೇವು ತರಲು ಹೋಗುವ ಈ ರಿಚರ್ಡ್‌ಸನ್! ಆ ಲೆಕ್ಕ ನಡೆಯುತ್ತಿದ್ದ ವರ್ಷಗಳಲ್ಲಿ ಅದೇ ಸಂಸ್ಥೆಯಲ್ಲಿ ಉಡುಪಿ ಕಡೆಯವರೊಬ್ಬರು ಕೂತು ಇನ್ನೊಂದು ಬಗೆಯ ಕಣಗಳನ್ನು ಎಣಿಸುತ್ತಿದ್ದರು. ಈ ಊರಲ್ಲಿ ಇಷ್ಟು ವರ್ಷ ಇದ್ದೂ ನಮಗೆ ಇದು ಗೊತ್ತಾದದ್ದು ಆ ಕೆಂಪು ರಾತ್ರಿಯ ನಂತರ ಓದಲು ಕೂತಾಗ.

ಅವರು ಉಡುಪಿ ರಾಮಚಂದ್ರ ರಾವ್. ಆರ್ಯಭಟ ಉಪಗ್ರಹದ ಯು. ಆರ್. ರಾವ್ ಎಂದರೆ ಯಾರಿಗೆ ಗೊತ್ತಿಲ್ಲ? ಹುಟ್ಟಿದ್ದು 1932ರ ಮಾರ್ಚ್ 10ರಂದು ಅದಮಾರಿನಲ್ಲಿ. ಅಷ್ಟಮಠಗಳಲ್ಲೊಂದರ ಹೆಸರಿನ ಆ ಹಳ್ಳಿಯಿಂದ ಉಡುಪಿ, ಬಳ್ಳಾರಿ, ಅನಂತಪುರ, ಬನಾರಸ್ ಎಂದು ಓದುತ್ತ ಹೋಗಿ, ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿಯವರ ಕೈಕೆಳಗೆ ವಿಶ್ವಕಿರಣಗಳ ಮೇಲೆ ಡಾಕ್ಟರೇಟು ಮಾಡಿದರು. 1961ರಲ್ಲಿ ಎಂಐಟಿ. ಅಲ್ಲಿಂದ 1963ರಲ್ಲಿ ಡಲ್ಲಾಸ್.

ಅವರ ಜೀವನಚಿತ್ರಗಳಲ್ಲೆಲ್ಲ '1963ರಿಂದ 66, ಡಲ್ಲಾಸಿನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್' ಎಂದು ಅಚ್ಚಾಗಿರುತ್ತದೆ. ಸಣ್ಣ ತಿದ್ದುಪಡಿ: ಆಗ ಆ ಹೆಸರಿನ ವಿಶ್ವವಿದ್ಯಾಲಯವೇ ಇರಲಿಲ್ಲ. ಇದ್ದದ್ದು 'ಗ್ರಾಜುಯೇಟ್ ರಿಸರ್ಚ್ ಸೆಂಟರ್ ಆಫ್ ದಿ ಸೌತ್‌ವೆಸ್ಟ್' ಎಂಬ ಖಾಸಗಿ ಸಂಸ್ಥೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಟ್ಟಿದ ಎರಿಕ್ ಜಾನ್ಸನ್, ಸೆಸಿಲ್ ಗ್ರೀನ್, ಯೂಜೀನ್ ಮೆಕ್‌ಡರ್ಮಟ್ ಮೂವರೂ ಸೇರಿ 1961ರಲ್ಲಿ ಇದನ್ನು ಹುಟ್ಟುಹಾಕಿದರು. ಕಂಪನಿಗೆ ಹೆಚ್ಚು ಓದಿದವರು ಬೇಕಾಗಿದ್ದರು; ಡಲ್ಲಾಸಿನ ಜಾಣ ಹುಡುಗರೋ ಓದಲು ದೂರದೂರಿಗೆ ಹೋದರೆ ವಾಪಸ್ಸು ಬರುತ್ತಿರಲಿಲ್ಲ. (ಈ ದೂರು ಎಲ್ಲೋ ಕೇಳಿದಂತಿದೆ ಅಲ್ಲವೇ?) ಮೊದಲು ಎಸ್‌ಎಂಯು ಆವರಣದಲ್ಲಿ ಬಿಡಾರ, 1964ರಲ್ಲಿ ರಿಚರ್ಡ್‌ಸನ್ನಿನ ಹೊಲಗಳ ನಡುವೆ ಫೌಂಡರ್ಸ್ ಕಟ್ಟಡ. 1969ರಲ್ಲಿ ಅದನ್ನು ರಾಜ್ಯಕ್ಕೆ ಒಪ್ಪಿಸಿದ ಮೇಲೆ ಅದು ನಮ್ಮ ಯುಟಿ ಡಲ್ಲಾಸ್ ಆಯಿತು. ನಮ್ಮ ಬಳಗದಲ್ಲೇ ಎಷ್ಟೊಂದು ಜನ ಎಂ.ಎಸ್. ಮಾಡಿದ ಜಾಗ.

ಆ ಸಂಸ್ಥೆಗೆ ಫ್ರಾನ್ಸಿಸ್ ಜಾನ್ಸನ್, ವಿಲಿಯಂ ಹ್ಯಾನ್ಸನ್, ಅಲೆಕ್ಸಾಂಡರ್ ಡೆಸ್ಲರ್ ಮೊದಲಾದವರು ಲಾಕ್‌ಹೀಡ್ ಕಂಪನಿ ಬಿಟ್ಟು ಬಂದರು. ಆಸ್ಟ್ರೇಲಿಯಾದ ಕೆನ್ ಮೆಕ್ರಾಕನ್ ಎಂಐಟಿಯಿಂದ ಬಂದರು. ರಾಯರ ಕೆಲಸ ಮೆಕ್ರಾಕನ್ ಅವರ ಜೊತೆಗೆ.

1963ರ ನವೆಂಬರ್ ತಿಂಗಳನ್ನು ಸ್ವಲ್ಪ ನಿಲ್ಲಿಸಿ ನೋಡಬೇಕು. ಆ ತಿಂಗಳ 1ರಂದು ಪೋರ್ಟೊ ರಿಕೊದ ಅರೆಸಿಬೊದಲ್ಲಿ ಸಾವಿರ ಅಡಿ ಅಗಲದ ರೇಡಿಯೊ ತಟ್ಟೆ ಉದ್ಘಾಟನೆಯಾಯಿತು. ಅದನ್ನು ಕಟ್ಟಿದ್ದೇ ಈ ಮೇಲಣ ಕಣಗಳನ್ನು ನೋಡಲಿಕ್ಕೆ. 21ರ ಸಂಜೆ ತಿರುವನಂತಪುರದ ಬಳಿಯ ತುಂಬಾದಿಂದ ಭಾರತದ ಮೊದಲ ರಾಕೆಟ್ ಹಾರಿ ಆಕಾಶದಲ್ಲಿ ಸೋಡಿಯಂ ಆವಿ ಉಗುಳಿತು. ಬೆಸ್ತರ ಆ ಹಳ್ಳಿಯನ್ನು ಆರಿಸಿದ್ದಕ್ಕೆ ಕಾರಣ, ಭೂಮಿಯ ಕಾಂತೀಯ ಸಮಭಾಜಕ ಅಲ್ಲೇ ಹಾದುಹೋಗುವುದು. ಮರುದಿನ, 22ರ ಮಧ್ಯಾಹ್ನ, ಡಲ್ಲಾಸಿನ ಟ್ರೇಡ್ ಮಾರ್ಟಿನಲ್ಲಿ ಅಧ್ಯಕ್ಷ ಕೆನಡಿಯವರಿಗೆ ಭೋಜನಕೂಟ. ಮುಂದಿನದನ್ನು ಜಗತ್ತೇ ಬಲ್ಲದು. ಅವರು ಅಲ್ಲಿ ಓದಬೇಕಿದ್ದ, ಓದಲಾಗದೆ ಉಳಿದ ಭಾಷಣ ಅಚ್ಚಾಗಿದೆ. ಅದರ ಆರಂಭದಲ್ಲೇ ಈ ಗ್ರಾಜುಯೇಟ್ ರಿಸರ್ಚ್ ಸೆಂಟರಿಗೆ ಅಭಿನಂದನೆ ಇದೆ. ಆ ಕೂಟವನ್ನು ಏರ್ಪಡಿಸಿದವರಲ್ಲಿ ಆ ಸಂಸ್ಥೆಯೂ ಒಂದು. ಡೀಲಿ ಪ್ಲಾಜಾಕ್ಕೆ ಊರಿನಿಂದ ಬಂದ ನೆಂಟರನ್ನೆಲ್ಲ ಕರೆದುಕೊಂಡು ಹೋಗಿ ಕಿಟಕಿ ತೋರಿಸಿದ್ದೇವೆ. ಈ ಸಂಗತಿಯನ್ನು ಒಬ್ಬರಿಗೂ ಹೇಳಿರಲಿಲ್ಲ.

ಇನ್ನೊಂದು ಮಾತು. ಆಗ ಭಾರತದಿಂದ ಬಂದು ಇಲ್ಲಿ ನೆಲೆಸಲು ಇದ್ದ ವಾರ್ಷಿಕ ಕೋಟಾ ನೂರು ಜನಕ್ಕೆ. ಆ ಬಾಗಿಲನ್ನು ತೆರೆದ ಕಾನೂನಿಗೆ ಸಹಿ ಬಿದ್ದದ್ದು 1965ರ ಅಕ್ಟೋಬರ್ 3ರಂದು. ಬಣ್ಣ ನೋಡಿ ಬಾಗಿಲು ಮುಚ್ಚುವುದನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯಿದೆ ಬಂದದ್ದು 1964ರ ಜುಲೈನಲ್ಲಿ. ಎಂದರೆ ರಾಯರು ಈ ಊರಿಗೆ ಬಂದಿಳಿದಾಗ ಎರಡೂ ಇರಲಿಲ್ಲ. ದೇವಸ್ಥಾನ, ಕನ್ನಡ ಸಂಘ, ದೋಸೆ ಹಿಟ್ಟು ಸಿಗುವ ಅಂಗಡಿ ಎಲ್ಲ ಸಾಲಾಗಿರುವ ಇಂದಿನ ಡಲ್ಲಾಸಿನಲ್ಲಿ ಕೂತು ನಾವು 'ಪರದೇಶ' ಎಂದು ನಿಟ್ಟುಸಿರು ಬಿಡುವಾಗ ಇದೂ ನೆನಪಿರಲಿ.

ಈಗ ಡಬ್ಬಿಯ ವಿಷಯ. ಪಯನಿಯರ್ 6 ಎಂಬ ನೌಕೆ 1965ರ ಡಿಸೆಂಬರ್ 16ರಂದು ಹಾರಿತು. 7, 8, 9 ಅದರ ತಮ್ಮಂದಿರು, ಕೊನೆಯದ್ದು 1968ರ ನವೆಂಬರಿನಲ್ಲಿ. ಭೂಮಿಯನ್ನು ಬಿಟ್ಟು ಸೂರ್ಯನನ್ನೇ ಸುತ್ತುವ ನೌಕೆಗಳು ಇವು. ಅವುಗಳಲ್ಲಿ ಡಲ್ಲಾಸಿನ ಗುಂಪು ಕಟ್ಟಿದ ವಿಶ್ವಕಿರಣ ಪತ್ತೆಯಂತ್ರ ಇತ್ತು. ಯಂತ್ರ ಎಂದರೆ ಮುಖ್ಯವಾಗಿ ಸೀಸಿಯಂ ಅಯೊಡೈಡಿನ ಒಂದು ಹರಳು. ವಿದ್ಯುದಂಶವಿರುವ ಕಣವೊಂದು ನುಗ್ಗಿ ಅದರೊಳಗೆ ನಿಂತರೆ ಸಣ್ಣ ಮಿಂಚು. ಮಿಂಚಿನ ಜೋರು ನೋಡಿ ಕಣದ ಶಕ್ತಿ ಎಷ್ಟೆಂದು ಹೇಳಬಹುದು. ಇಷ್ಟೇ ಆಗಿದ್ದರೆ ಅದು ಬರೀ ಎಣಿಕೆ. ಜಾಣತನ ಇದ್ದದ್ದು ಇಲ್ಲಿ: ನೌಕೆ ಸೆಕೆಂಡಿಗೆ ಸುಮಾರು ಒಂದು ಸಲ ಬುಗುರಿಯಂತೆ ಸುತ್ತುತ್ತಿತ್ತು. ಒಂದು ಸುತ್ತನ್ನು ನಾಲ್ಕು ಭಾಗ ಮಾಡಿ, ಯಾವ ದಿಕ್ಕಿಗೆ ಮುಖ ಮಾಡಿದಾಗ ಎಷ್ಟು ಕಣ ಬಂತು ಎಂದು ನಾಲ್ಕು ಬೇರೆ ಬೇರೆ ಖಾತೆಗಳಲ್ಲಿ ಬರೆದುಕೊಳ್ಳುತ್ತಿದ್ದರು. ನಮ್ಮಂಥ ಪ್ರೋಗ್ರಾಮರುಗಳಿಗೆ ಇದು ನಾಲ್ಕು ಕೌಂಟರುಗಳ ಒಂದು ಅರೇ. ಆದರೆ ಆ ಕಾಲದ ಬಿಡಿಬಿಡಿ ಟ್ರಾನ್ಸಿಸ್ಟರುಗಳಲ್ಲಿ, ಸೂರ್ಯನ ಸುತ್ತ ಸುತ್ತುವ ಡಬ್ಬಿಯೊಳಗೆ, ರಿಪೇರಿಗೆ ಯಾರೂ ಹೋಗಲಾಗದ ಜಾಗದಲ್ಲಿ!

ಆ ನಾಲ್ಕು ಖಾತೆಗಳಿಂದ ಹೊರಬಿದ್ದ ಸತ್ಯ ದೊಡ್ಡದು. ಸೂರ್ಯನಲ್ಲಿ ಸ್ಫೋಟವಾದಾಗ ಹೊರಡುವ ಕಣಗಳು ನೆಟ್ಟಗೆ ನಮ್ಮ ಕಡೆ ಬರುವುದಿಲ್ಲ. ಸೂರ್ಯ ತಿರುಗುತ್ತಿರುವುದರಿಂದ ಅವನ ಕಾಂತರೇಖೆಗಳು ಸುರುಳಿಯಾಗಿ ಬಾಗಿರುತ್ತವೆ. ತೋಟಕ್ಕೆ ಪೈಪಿನಲ್ಲಿ ನೀರು ಬಿಡುತ್ತ ನಿಂತಲ್ಲೇ ತಿರುಗಿದರೆ ನೀರಿನ ಎಳೆ ಬಾಗುತ್ತದಲ್ಲ, ಹಾಗೆ. ಕಣಗಳು ಆ ಬಾಗಿದ ಗೆರೆಯನ್ನೇ ಹಿಡಿದು ಬರುತ್ತವೆ. ಹೀಗೆ ಬಂದವು ಭೂಮಿಯ ಧ್ರುವಗಳ ಮೇಲಿನ ಗಾಳಿಗೆ ನುಗ್ಗಿದರೆ ಅಲ್ಲಿ ಶಾರ್ಟ್‌ವೇವ್ ರೇಡಿಯೊ ಸತ್ತುಹೋಗುತ್ತದೆ. ಧ್ರುವದ ಮೇಲೆ ಹಾರುವ ವಿಮಾನಗಳನ್ನು ಬೇರೆ ದಾರಿಗೆ ತಿರುಗಿಸುವುದು ಇದಕ್ಕೇ.

ರಾಯರು ಎಣಿಸಿದ್ದು ಹೊರಗಿನಿಂದ ಬರುವ ಕಣಗಳನ್ನು. ಅದೇ ಸಂಸ್ಥೆಯಲ್ಲಿ ಹ್ಯಾನ್ಸನ್ ತಲೆಕೆಡಿಸಿಕೊಂಡದ್ದು ಇಲ್ಲೇ, ನಮ್ಮ ಗಾಳಿಯಲ್ಲೇ ಹುಟ್ಟುವ ಕಣಗಳ ಬಗ್ಗೆ. ಇಬ್ಬರೂ ಒಟ್ಟಿಗೆ ಕೆಲಸ ಮಾಡಿದರೆಂದು ನಾವು ಹೇಳುತ್ತಿಲ್ಲ, ಹಾಗೆ ಕಥೆ ಕಟ್ಟುವುದೂ ಬೇಡ. ಆದರೆ ಹ್ಯಾನ್ಸನ್ ಬಿಡಿಸಿದ ಒಗಟು ರಾಯರ ಊರಿನ ನೆತ್ತಿಯ ಮೇಲಿನದ್ದು.

ಸುಮಾರು 60 ಕಿಲೋಮೀಟರು ಎತ್ತರದಿಂದ ಹಿಡಿದು ಸಾವಿರ ಕಿಲೋಮೀಟರಿನ ತನಕ ಸೂರ್ಯನ ಅತಿನೇರಳೆ ಕಿರಣಗಳು ಗಾಳಿಯ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಬಿಸಾಡುತ್ತಿರುತ್ತವೆ. ಇದೇ ಅಯಾನುಮಂಡಲ. 300 ಕಿಲೋಮೀಟರಿನ ಆಸುಪಾಸಿನಲ್ಲಿ ಹಗಲು ಹೊತ್ತು ಒಂದು ಘನ ಸೆಂಟಿಮೀಟರಿಗೆ ಹತ್ತು ಲಕ್ಷದಷ್ಟು ಎಲೆಕ್ಟ್ರಾನುಗಳು. ವಿದ್ಯುದಂಶ ಇರುವ ಕಣಕ್ಕೆ ಸ್ವಾತಂತ್ರ್ಯ ಕಡಿಮೆ: ಕಾಂತರೇಖೆಯ ಉದ್ದಕ್ಕೆ ಜಾರಬಹುದು, ಅಡ್ಡಕ್ಕೆ ದಾಟಬೇಕಾದರೆ ವಿದ್ಯುತ್ ಕ್ಷೇತ್ರ ಬಂದು ನೂಕಬೇಕು. ದಕ್ಷಿಣ ಭಾರತದ ಮೇಲೆ ಕಾಂತರೇಖೆಗಳು ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ದಕ್ಷಿಣೋತ್ತರ ಮಲಗಿವೆ. ಹಗಲಿನಲ್ಲಿ ಅಲ್ಲೊಂದು ಪೂರ್ವಾಭಿಮುಖ ವಿದ್ಯುತ್ ಕ್ಷೇತ್ರ ಏರ್ಪಡುತ್ತದೆ. ಎರಡೂ ಸೇರಿ ಕಣಗಳ ಇಡೀ ರಾಶಿಯನ್ನು ಮೇಲಕ್ಕೆ ಎತ್ತುತ್ತವೆ. ಮೇಲೆ ಹೋದದ್ದು ಕೆಳಗಿಳಿಯಬೇಕಲ್ಲ? ನೇರ ಇಳಿಯಲು ದಾರಿಯಿಲ್ಲ. ಬಾಗಿದ ಕಾಂತರೇಖೆಯನ್ನು ಹಿಡಿದು ಉತ್ತರಕ್ಕೊಂದಿಷ್ಟು, ದಕ್ಷಿಣಕ್ಕೊಂದಿಷ್ಟು ಜಾರುತ್ತವೆ. ನಮ್ಮ ಹಂಚಿನ ಮಾಡಿನ ಮೇಲೆ ಮಳೆ ಬಿದ್ದ ಹಾಗೆ: ನೆತ್ತಿಯಲ್ಲಿ ನೀರು ನಿಲ್ಲುವುದಿಲ್ಲ, ಎರಡೂ ಕಡೆಯ ಇಳಿಜಾರಿನಲ್ಲಿ ಹರಿದು ಸೂರಿನಡಿ ಹೊಂಡ ಮಾಡುತ್ತದೆ. ತಿರುವನಂತಪುರ ಮಾಡಿನ ನೆತ್ತಿ. ಅಹಮದಾಬಾದು, ಭೋಪಾಲ, ಕೋಲ್ಕತ್ತಾ ಸೂರಿನ ಕೆಳಗೆ. ಉಡುಪಿ, ಬೆಂಗಳೂರು ನಡುವಿನ ಇಳಿಜಾರಿನಲ್ಲಿ.

ಸೂರ್ಯ ನೆತ್ತಿಯ ಮೇಲಿರುವ ಕಡೆ ಕಣಗಳು ಕಡಿಮೆ, ಅತ್ತಿತ್ತ ಹೆಚ್ಚು ಎಂಬ ವಿಚಿತ್ರವನ್ನು 1946ರಲ್ಲಿ ಆಪಲ್‌ಟನ್ ಗುರುತಿಸಿದ್ದರು. ಕಾಂತರೇಖೆ ಹಿಡಿದು ಕಣಗಳು ಜಾರುತ್ತವೆ ಎಂಬ ಸೂಚನೆಯನ್ನು ಅದೇ ವರ್ಷ ಕೋಲ್ಕತ್ತಾದಿಂದ ಶಿಶಿರ್ ಕುಮಾರ್ ಮಿತ್ರ ಕೊಟ್ಟರು. ಎತ್ತುವುದು, ಜಾರುವುದು ಎರಡನ್ನೂ ಸೇರಿಸಿ ಲೆಕ್ಕ ಹಾಕಿ ತೋರಿಸಿದವರು ಹ್ಯಾನ್ಸನ್ ಮತ್ತು ಮಾಫೆಟ್, 1966ರಲ್ಲಿ. ಇವತ್ತಿಗೂ ಈ ವಿಷಯದ ಮೇಲೆ ಬರೆಯುವವರು ಆ ಲೇಖನವನ್ನು ಹೆಸರಿಸುತ್ತಾರೆ. ಹತ್ತು ವರ್ಷದ ನಂತರ ಹ್ಯಾನ್ಸನ್ ಅವರ ಉಪಕರಣ ವೈಕಿಂಗ್ ನೌಕೆಯಲ್ಲಿ ಮಂಗಳ ಗ್ರಹದ ಅಯಾನುಮಂಡಲವನ್ನೂ ಅಳೆಯಿತು. ಯುಟಿ ಡಲ್ಲಾಸಿನ ಬಾಹ್ಯಾಕಾಶ ಕೇಂದ್ರಕ್ಕೆ ಅವರದೇ ಹೆಸರು. 2008ರ ಏಪ್ರಿಲಿನಲ್ಲಿ ಹಾರಿದ ಉಪಗ್ರಹವೊಂದರಲ್ಲಿ ಆ ಕೇಂದ್ರದ ಉಪಕರಣ, ರಾತ್ರಿ ಹೊತ್ತು 640 ಕಿಲೋಮೀಟರಿನಲ್ಲಿ ಇರಬೇಕಿದ್ದ ಅಯಾನುಮಂಡಲದ ಮೇಲಂಚು 420ಕ್ಕೆ ಕುಸಿದಿದೆ ಎಂದು ತೋರಿಸಿತು. ಸೂರ್ಯ ಆಗ ಅಷ್ಟು ತಣ್ಣಗಿದ್ದ.

ಹ್ಯೂಸ್ಟನ್ ಗೆಳೆಯರು ಇಷ್ಟರಲ್ಲಿ ಮುನಿಸಿಕೊಂಡಿರಬಹುದು. ನಿಮ್ಮೂರಿನ ಪಾಲೂ ಇದೆ. ಡೆಸ್ಲರ್ ಡಲ್ಲಾಸಿನಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. 1963ರಲ್ಲಿ ರೈಸ್ ವಿಶ್ವವಿದ್ಯಾಲಯಕ್ಕೆ ಹೋಗಿ ಬಾಹ್ಯಾಕಾಶ ವಿಜ್ಞಾನದ ಪ್ರತ್ಯೇಕ ವಿಭಾಗವನ್ನೇ ಕಟ್ಟಿದರು. ಚಂದ್ರನಿಗೆ ಹೋಗೋಣ ಎಂದು ಕೆನಡಿ ಸಾರಿದ್ದು ಅದೇ ರೈಸ್ ಕ್ರೀಡಾಂಗಣದಲ್ಲಿ, 1962ರ ಸೆಪ್ಟೆಂಬರಿನಲ್ಲಿ. ಅರೆಸಿಬೊ ತಟ್ಟೆಯ ರೂವಾರಿ ವಿಲಿಯಂ ಗಾರ್ಡನ್ 1966ರಲ್ಲಿ ಬಂದು ಸೇರಿದ್ದೂ ರೈಸ್‌ಗೇ. ಈ ಗಾರ್ಡನ್ ಕಥೆ ನಮಗೆ ಬಹಳ ಇಷ್ಟ. ಮೇಲಿನ ಎಲೆಕ್ಟ್ರಾನುಗಳಿಂದ ಚದುರಿ ಬರುವ ಪ್ರತಿಧ್ವನಿ ತೀರಾ ಕ್ಷೀಣವಾಗಿರುತ್ತದೆ, ಎಲೆಕ್ಟ್ರಾನುಗಳ ವೇಗದಿಂದಾಗಿ ಅಗಲವಾಗಿ ಹರಡಿಯೂ ಇರುತ್ತದೆ, ಆದ್ದರಿಂದ ಸಾವಿರ ಅಡಿಯ ತಟ್ಟೆ ಬೇಕು ಎಂದು 1958ರಲ್ಲಿ ಅವರು ಲೆಕ್ಕ ಹಾಕಿದ್ದರು. ಆದರೆ ಕೆನ್ ಬೌಲ್ಸ್ ಅದೇ ವರ್ಷ ಪ್ರಯೋಗ ಮಾಡಿ ನೋಡಿದರೆ ಪ್ರತಿಧ್ವನಿ ಅಷ್ಟು ಹರಡಿರಲೇ ಇಲ್ಲ. ಭಾರದ ಅಯಾನುಗಳು ಎಲೆಕ್ಟ್ರಾನುಗಳನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದವು. ತೀರಾ ಸಣ್ಣ ತಟ್ಟೆಯೇ ಸಾಕಿತ್ತು! ಅಷ್ಟರಲ್ಲಿ ದೊಡ್ಡದಕ್ಕೆ ಓಡಾಟ ಶುರುವಾಗಿತ್ತು, ದೊಡ್ಡದೇ ಆಯಿತು, ಆ ಹೆಚ್ಚುವರಿ ಅಗಲದಿಂದಾಗಿ ಅರ್ಧ ಶತಮಾನ ಖಗೋಳಶಾಸ್ತ್ರವೆಲ್ಲ ಅದರ ಮೇಲೆ ನಡೆಯಿತು. ಎಸ್ಟಿಮೇಟು ತಪ್ಪಿದ್ದಕ್ಕೆ ಬೈಸಿಕೊಂಡ ನಮ್ಮ ವೃತ್ತಿಬಾಂಧವರು ಇದನ್ನು ಮ್ಯಾನೇಜರಿಗೆ ಹೇಳಬಹುದು. ತಟ್ಟೆ 2020ರ ಡಿಸೆಂಬರ್ 1ರಂದು ಕುಸಿದುಬಿತ್ತು.

1966ರಲ್ಲಿ ರಾಯರು ಅಹಮದಾಬಾದಿಗೆ, ಸಾರಾಭಾಯಿಯವರ ಪ್ರಯೋಗಾಲಯಕ್ಕೆ ಮರಳಿದರು. ಅದೇ ವರ್ಷ ಮೆಕ್ರಾಕನ್ ಆಸ್ಟ್ರೇಲಿಯಾಕ್ಕೆ ಮರಳಿದರು. ಡಬ್ಬಿ ಮಾಡಿದ ಇಬ್ಬರೂ ಅವರವರ ಮನೆಗೆ! 1984ರಲ್ಲಿ ಒಬ್ಬರು ಇಸ್ರೋ ಅಧ್ಯಕ್ಷರಾದರು, ಇನ್ನೊಬ್ಬರು ತಮ್ಮ ದೇಶದ ವಿಜ್ಞಾನ ಸಂಸ್ಥೆಯಲ್ಲಿ ಬಾಹ್ಯಾಕಾಶ ವಿಭಾಗದ ಮುಖ್ಯಸ್ಥರಾದರು.

ಮುಂದಿನ ಕಥೆ ನಮ್ಮ ನಾಡಿನದ್ದು, ನಿಮಗೆ ಗೊತ್ತಿರುವುದೇ. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ 360 ಕಿಲೋ ತೂಕದ ಆರ್ಯಭಟ ತಯಾರಾಗಿ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿತು. ಬೆಂಗಳೂರಿನಲ್ಲಿ ಮಾಹಿತಿ ಪಡೆಯಲು ಜಾಗವಿಲ್ಲದೆ ಒಂದು ಶೌಚಾಲಯವನ್ನೇ ಮಾರ್ಪಡಿಸಿಕೊಂಡಿದ್ದನ್ನು ರಾಯರು ನಗುತ್ತ ಹೇಳುತ್ತಿದ್ದರು. ಆರ್ಯಭಟದಲ್ಲಿ ಮೂರು ಪ್ರಯೋಗಗಳಿದ್ದವು, ಮೂರನೆಯದು ಅಯಾನುಮಂಡಲದ ಎಲೆಕ್ಟ್ರಾನುಗಳದ್ದು ಎಂಬುದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಐದನೆಯ ದಿನ ಪ್ರಯೋಗಗಳ ವಿದ್ಯುತ್ ಕೈಕೊಟ್ಟಿತು. ಆ ಎರಡು ರೂಪಾಯಿ ನೋಟಿನ ಬೆನ್ನಿನಲ್ಲಿ ಈ ಐದು ದಿನದ ಸಂಗತಿ ಇಲ್ಲ, ಉಪಗ್ರಹದ ಚಿತ್ರ ಮಾತ್ರ ಇದೆ. ಕಾಪು ಬಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದ ನಮ್ಮಪ್ಪ ಮೇಜಿನ ಗಾಜಿನ ಕೆಳಗೆ ಅಂಥದೊಂದು ನೋಟು ಇಟ್ಟುಕೊಂಡು, ಮನೆಗೆ ಬಂದವರಿಗೆಲ್ಲ "ಇದು ನಮ್ಮ ಅದಮಾರಿನವರು ಮಾಡಿದ್ದು" ಎನ್ನುತ್ತಿದ್ದರು. ಎರಡು ವರ್ಷದ ಮಟ್ಟಿಗೆಂದು ನಾವು ಅಮೆರಿಕಕ್ಕೆ ಹೊರಟ ದಿನ ಗಾಜೆತ್ತಿ ಆ ನೋಟನ್ನು ನಮ್ಮ ಪಾಸ್‌ಪೋರ್ಟಿನೊಳಗೆ ಇಟ್ಟರು. ಮಾತೇನೂ ಆಡಲಿಲ್ಲ. ನಮಗೆ ಇಲ್ಲಿ ಈಗ ಹತ್ತೊಂಬತ್ತನೆಯ ವರ್ಷ, ಅಪ್ಪ ಇಲ್ಲ.

ಆದ್ದರಿಂದ, ನಮ್ಮ ಕೂಟಗಳಲ್ಲಿ ಯಾರಾದರೂ "ನೋಡಿ, ರಾಯರು ವಾಪಸ್ಸು ಹೋದರು" ಎಂದು ಶುರುಮಾಡಿದಾಗ ನಾವು ತಟ್ಟೆಯಲ್ಲಿನ ಬಿಸಿಬೇಳೆಬಾತನ್ನು ಕೆದಕುತ್ತ ಕೂರುವುದುಂಟು. ಈಗ ಒಂದು ಮಾತು ಹೇಳುವ ಧೈರ್ಯ ಬಂದಿದೆ. ಹೋದವರ ಕೆಲಸ, ಹೋಗದವರ ಕೆಲಸ ಎಂದು ಆ ಆಕಾಶವನ್ನು ಪಾಲು ಮಾಡಲು ಆಗುವುದಿಲ್ಲ. ಆಸ್ಟಿನ್ ಗೆಳೆಯರ ಊರಿನಿಂದಲೇ ಉದಾಹರಣೆ ಕೊಡೋಣ. ಜಿಪಿಎಸ್ ಸಂಕೇತ ಅಯಾನುಮಂಡಲವನ್ನು ಹಾದುಬರುವಾಗ ತಡವಾಗುತ್ತದೆ. ತಡ ಎಷ್ಟೆಂಬುದು ಆವರ್ತನದ ವರ್ಗಕ್ಕೆ ವಿಲೋಮ. ಎರಡು ಆವರ್ತನಗಳನ್ನು, ಎಂದರೆ 1575.42 ಮತ್ತು 1227.60 ಮೆಗಾಹರ್ಟ್ಸ್, ಒಟ್ಟಿಗೆ ಹಿಡಿದರೆ ತಪ್ಪನ್ನು ತೆಗೆದುಹಾಕಬಹುದು. 1980ರ ದಶಕದ ಆರಂಭದಲ್ಲಿ ಹಾಗೆ ಎರಡನ್ನೂ ಹಿಡಿಯುವ ಗ್ರಾಹಕವನ್ನು ಮಾರುಕಟ್ಟೆಗೆ ಬಿಟ್ಟ ಮೊದಲಿಗರು ಅದೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್; ಅದರ ಹಿಂದೆ ಆಸ್ಟಿನ್ ವಿಶ್ವವಿದ್ಯಾಲಯದ ಅನ್ವಯಿಕ ಸಂಶೋಧನಾ ಪ್ರಯೋಗಾಲಯದ ಕೆಲಸವೂ ಇತ್ತು. (ಅದೇ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂದು ಉಪಗ್ರಹ ಸಂಪರ್ಕ ಜೋಡಿಸಿ ಸಾಫ್ಟ್‌ವೇರ್ ಬರೆಸಿತು. ನಮ್ಮ ಅನ್ನದ ದಾರಿ ತೆರೆದದ್ದು ಹೀಗೆ.)

ವಿಮಾನಗಳಲ್ಲಿ ಬಹುಕಾಲ ಒಂದೇ ಆವರ್ತನ. ಅವುಗಳಿಗೆ ಅಯಾನುಮಂಡಲದ ತಿದ್ದುಪಡಿಯನ್ನು ಉಪಗ್ರಹದಿಂದ ಕಳಿಸಬೇಕು. ಅಮೆರಿಕದಲ್ಲಿ ಮೇಲಿನ ಕಣಗಳು ಬಹುಪಾಲು ನಯವಾಗಿ ಹರಡಿರುವುದರಿಂದ ತೆಳ್ಳಗಿನ ಒಂದು ಪದರವೆಂದು ಊಹಿಸಿ ಲೆಕ್ಕ ಹಾಕಿದರು, ನಡೆಯಿತು. ಭಾರತದಲ್ಲಿ ನಡೆಯಲಿಲ್ಲ. ಮಾಡಿನ ನೆತ್ತಿಯಿಂದ ಸೂರಿನ ತನಕದ ಆ ಇಳಿಜಾರು ಇಡೀ ದೇಶದ ಮೇಲಿದೆಯಲ್ಲ! ಇಸ್ರೋದವರು ಹಲವು ಪದರಗಳ ತಮ್ಮದೇ ಮಾದರಿ ಕಟ್ಟಬೇಕಾಯಿತು. ಅದೇ ಗಗನ್ ವ್ಯವಸ್ಥೆ; ಅದರ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿ. 2013ರ ಡಿಸೆಂಬರಿನಲ್ಲಿ, ಮತ್ತೆ 2015ರ ಏಪ್ರಿಲಿನಲ್ಲಿ ಎರಡು ಹಂತದ ಪ್ರಮಾಣಪತ್ರ ಸಿಕ್ಕಿತು. 2022ರ ಏಪ್ರಿಲಿನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋ ವಿಮಾನವೊಂದು ಅದನ್ನು ನಂಬಿ ಇಳಿಯಿತು. ರಿಚರ್ಡ್‌ಸನ್ನಿನಲ್ಲಿ ಕೂತು ಲೆಕ್ಕ ಹಾಕಿದ ಹ್ಯಾನ್ಸನ್, ಪೀಣ್ಯಕ್ಕೆ ಹೋಗಿ ಕೂತ ರಾವ್, ಇಬ್ಬರಲ್ಲಿ ಯಾರನ್ನು ಬಿಟ್ಟರೂ ಆ ವಿಮಾನ ಇಳಿಯುವ ಬಗೆ ನಮಗಂತೂ ಕಾಣುವುದಿಲ್ಲ. ಇದನ್ನು ನಮ್ಮ ಸಮಾಧಾನಕ್ಕೆ ಹೇಳಿಕೊಳ್ಳುತ್ತಿದ್ದೇವೆ ಎಂದು ನೀವು ಆಕ್ಷೇಪಿಸಬಹುದು. ಇರಬಹುದು.

ರಾಯರು 2017ರ ಜುಲೈ 24ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಭೂಮಿಯ ಹತ್ತಿರವೇ ಸುತ್ತಬೇಕಿದ್ದ ಆದಿತ್ಯ ಯೋಜನೆಯನ್ನು ಹದಿನೈದು ಲಕ್ಷ ಕಿಲೋಮೀಟರು ಆಚೆಗೆ ಕಳಿಸುವ ವಿಚಾರದಲ್ಲಿ ಅವರ ಒತ್ತಾಸೆ ಇತ್ತು. 2024ರ ಜನವರಿಯಲ್ಲಿ ಅದು ಅಲ್ಲಿ ತಲುಪಿತು. ಆ ಮೇ ತಿಂಗಳ ರಾತ್ರಿ ನಾವು ಮೆಕಿನಿಯಾಚೆ ಸೊಳ್ಳೆ ಹೊಡೆಯುತ್ತ ನಿಂತಿದ್ದಾಗ, ಅದರಲ್ಲಿದ್ದ ಅಹಮದಾಬಾದಿನ ಉಪಕರಣ ಅದೇ ಬಿರುಗಾಳಿಯ ಕಣಗಳನ್ನು ದಿಕ್ಕುದಿಕ್ಕಿಗೆ ವಿಂಗಡಿಸಿ ಎಣಿಸುತ್ತಿತ್ತು. ಪಯನಿಯರ್ 6ರ ಜೊತೆ ನಾಸಾ ಕೊನೆಯ ಬಾರಿ ಮಾತಾಡಿದ್ದು 2000ದ ಡಿಸೆಂಬರ್ 8ರಂದು. ಡಲ್ಲಾಸಿನ ಡಬ್ಬಿ ಅದರೊಳಗೇ ಇದೆ, ಸುಮಾರು 310 ದಿನಕ್ಕೊಮ್ಮೆ ಸೂರ್ಯನಿಗೆ ಪ್ರದಕ್ಷಿಣೆ ಹಾಕುತ್ತಿದೆ.

ಮುಂದಿನ ಕೂಟ ರಿಚರ್ಡ್‌ಸನ್ನಿನಲ್ಲಿ. ಹ್ಯೂಸ್ಟನ್, ಆಸ್ಟಿನ್ನಿನಿಂದ ಬರುವವರು ಒಂದು ಗಂಟೆ ಮುಂಚೆ ಬಂದರೆ ಫೌಂಡರ್ಸ್ ಕಟ್ಟಡದ ಮುಂದೆ ಸೇರೋಣ. ಕಾಫಿ ಫ್ಲಾಸ್ಕ್ ನಾವು ತರುತ್ತೇವೆ, ಎರಡು ರೂಪಾಯಿ ನೋಟನ್ನೂ.